ಪರದೆ ಮೇಲೆ ಕನ್ನಡ ಪದ ಎಷ್ಟು ಅಗಲ? ಅಳೆಯೋದು ಹೀಗೆ

ದಾವಣಗೆರೆಯ ಒಂದು ಬೆಣ್ಣೆ ದೋಸೆ ಹೋಟೆಲ್‌ಗೆ ದರಪಟ್ಟಿ ತೋರಿಸುವ ಟಿವಿ ಪರದೆ ಮಾಡಿಕೊಟ್ಟಿದ್ದೆ. ಎಡಕ್ಕೆ ತಿಂಡಿ ಹೆಸರು, ಬಲಕ್ಕೆ ರೇಟು, ನಡುವೆ ಹಳೇ ಕಾಲದ ಮೆನು ಕಾರ್ಡಿನ ಹಾಗೆ ಚುಕ್ಕಿ ಸಾಲು. ನನ್ನ ಲ್ಯಾಪ್‌ಟಾಪ್‌ನಲ್ಲಿ ಮೂರು ದೋಸೆ ಹೆಸರು ಹಾಕಿ ನೋಡಿದ್ದೆ, ನೀಟಾಗಿ ಕೂತಿತ್ತು. ಹೋಟೆಲ್‌ನ ಟಿವಿಗೆ ಪೂರ್ತಿ ಪಟ್ಟಿ ಹಾಕಿದಾಗ ‘ಮೆಣಸಿನಕಾಯಿ’ಯ ಬಾಲದ ಮೇಲೆ ಚುಕ್ಕಿಗಳು ಹತ್ತಿ ಕೂತಿದ್ದವು. ‘ಮಿರ್ಚಿ ಮಂಡಕ್ಕಿ’ ಆದ ಮೇಲೆ ಒಂದು ಆಟೋ ನಿಲ್ಲಿಸುವಷ್ಟು ಖಾಲಿ ಜಾಗ. ಗಲ್ಲಾದಲ್ಲಿದ್ದ ಮಾಲೀಕರು “ಏನ್ರೀ ಇದು, ಮೆಣಸಿನಕಾಯಿಗೆ ಇರುವೆ ಮುತ್ತಿದೆ” ಅಂದರು.

ತಪ್ಪು ನನ್ನದೇ. ಹೆಸರಿನ ಲೆಂಗ್ತ್ ತೆಗೆದುಕೊಂಡು, ಒಂದು ಅಕ್ಷರಕ್ಕೆ ಇಷ್ಟು ಪಿಕ್ಸೆಲ್ ಅಂತ ಗುಣಿಸಿ, ಹೆಸರು ಅಲ್ಲಿಗೆ ಮುಗಿಯುತ್ತದೆ ಅಂದುಕೊಂಡಿದ್ದೆ. ಆಮೇಲೆ ಕೂತು ಸರಿ ಮಾಡಿದ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಹೆಚ್ಚಿನದು ಬ್ರೌಸರ್ ಮತ್ತು ಜಾವಾಸ್ಕ್ರಿಪ್ಟ್, ಕೊನೆಗೆ ಸ್ವಲ್ಪ ಪೈಥಾನ್. ಫಂಕ್ಷನ್‌ಗಳ ಹೆಸರನ್ನು ಓದಲು ಸುಲಭವಾಗಲಿ ಅಂತ ಕನ್ನಡದಲ್ಲೇ ಬರೆದಿದ್ದೇನೆ. ಕೋಡ್‌ನಲ್ಲಿ ಅವನ್ನು ಇಂಗ್ಲಿಷ್‌ನಲ್ಲೇ ಬರೆಯಬೇಕು, ಅದನ್ನು ಬೇರೆ ಹೇಳಬೇಕಿಲ್ಲ ಅಲ್ವಾ.

ಹೆಜ್ಜೆ 1: ಲೆಂಗ್ತ್ ಅನ್ನೋದು ಅಗಲ ಅಲ್ಲ, ಇದನ್ನು ಮೊದಲು ಕಣ್ಣಾರೆ ನೋಡಿ

ಬ್ರೌಸರ್‌ನ ಕನ್ಸೋಲ್ ತೆರೆದು ‘ದಾವಣಗೆರೆ’ಯ ಲೆಂಗ್ತ್ ಕೇಳಿ. 8 ಅನ್ನುತ್ತದೆ. ನಾವು ಓದುವುದು ಐದೇ ಅಕ್ಷರ: ದಾ, ವ, ಣ, ಗೆ, ರೆ. ‘ಚಿತ್ರದುರ್ಗ’ ಕೇಳಿ. 10 ಅನ್ನುತ್ತದೆ, ನಮ್ಮ ಲೆಕ್ಕಕ್ಕೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ವ್ಯಂಜನಕ್ಕೊಂದು ಸಂಖ್ಯೆ, ಸ್ವರಚಿಹ್ನೆಗೊಂದು, ಸ್ವರ ಇಲ್ಲ ಅಂತ ತೋರಿಸುವ ಹಲಂತ ಚಿಹ್ನೆಗೂ (್) ಒಂದು. ‘ತ್ರ’ ಒಳಗೆ ತ, ಹಲಂತ, ರ ಅಂತ ಮೂರು ಕೂತಿವೆ. ಜಾವಾಸ್ಕ್ರಿಪ್ಟ್ ಆ ಮೂರನ್ನೂ ಎಣಿಸುತ್ತದೆ. ಬೈಟ್ ಲೆಕ್ಕಕ್ಕೆ ಹೋದರೆ ಇನ್ನೂ ದೂರ. ಪಠ್ಯವನ್ನು ಬೈಟ್‌ಗಳಾಗಿ ಉಳಿಸುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಪ್ರತಿ ಸಂಖ್ಯೆಗೆ 3 ಬೈಟ್, ಅಂದರೆ ‘ದಾವಣಗೆರೆ’ಗೆ 24.

ಈಗ ಎರಡು ಪದ ಪಕ್ಕಪಕ್ಕ ಇಡಿ: ‘ಬೆಣ್ಣೆ’ ಮತ್ತು ‘ಜಗಳೂರು’. ಎರಡರ ಲೆಂಗ್ತ್ ಕೂಡ 6. ಪರದೆ ಮೇಲೆ ನೋಡಿದರೆ ಬೆಣ್ಣೆ ಎರಡಕ್ಷರಕ್ಕೆ ಮುಗಿಯುತ್ತದೆ, ಜಗಳೂರು ನಾಲ್ಕಕ್ಷರ ಉದ್ದಕ್ಕೆ ಮಲಗಿರುತ್ತದೆ. ನನ್ನ ಚುಕ್ಕಿ ಸಾಲು ಕೆಟ್ಟದ್ದು ಇದರಿಂದಲೇ. ‘ಮಿರ್ಚಿ ಮಂಡಕ್ಕಿ’ಗೆ 14ರ ಲೆಕ್ಕದಲ್ಲಿ ಜಾಗ ಕೊಟ್ಟಿದ್ದೆ, ‘ಮೆಣಸಿನಕಾಯಿ’ಗೆ 10ರ ಲೆಕ್ಕದಲ್ಲಿ. ಮೊದಲನೆಯದರಲ್ಲಿ ಓದುವ ಅಕ್ಷರ ಐದು, ಎರಡನೆಯದರಲ್ಲಿ ಆರು!

ಸರಿ, ಓದುವ ಅಕ್ಷರ ಎಣಿಸಿ ಗುಣಿಸಿದರೆ ಆಗುತ್ತದಾ? ಅದೂ ಆಗುವುದಿಲ್ಲ. ‘ರ’ ಚಿಕ್ಕದು, ‘ಯೂ’ ದೊಡ್ಡದು. ಒತ್ತಕ್ಷರಗಳ ಸ್ವಭಾವವೂ ಒಂದೇ ಥರ ಇಲ್ಲ. ಕೆಲವು ಅಕ್ಷರದ ಕೆಳಗೇ ಮುಗಿಯುತ್ತವೆ, ಕೆಲವು ಬಲಕ್ಕೆ ಚಾಚಿಕೊಂಡು ಜಾಗ ತಿನ್ನುತ್ತವೆ. ಯಾವುದು ಎಷ್ಟು ಅನ್ನುವುದನ್ನು ಫಾಂಟ್ ಮಾಡಿದವರು ತೀರ್ಮಾನಿಸಿರುತ್ತಾರೆ. ‘ರ್ಗ’ದಲ್ಲಿ ಟೈಪ್ ಮಾಡುವಾಗ ರ ಮೊದಲು ಬರುತ್ತದೆ, ಕಾಣುವಾಗ ಅರ್ಕಾವೊತ್ತಾಗಿ ಗ ಆದ ಮೇಲೆ ಹೋಗಿ ನಿಲ್ಲುತ್ತದೆ. ಹಾಗಾಗಿ ‘ರ್’ ಅಗಲ ಒಂದು ಸಲ, ‘ಗ’ ಅಗಲ ಒಂದು ಸಲ ಅಳೆದು ಕೂಡಿಸಿದರೆ ಬರುವ ಮೊತ್ತಕ್ಕೂ ‘ರ್ಗ’ದ ಅಗಲಕ್ಕೂ ಸಂಬಂಧ ಇಲ್ಲ. ಬಿಡಿ ಬಿಡಿಯಾಗಿ ಅಳೆದು ಕೂಡಿಸುವ ಯಾವ ಉಪಾಯವೂ ಕನ್ನಡಕ್ಕೆ ಒಗ್ಗುವುದಿಲ್ಲ. ಪೂರ್ತಿ ಸಾಲನ್ನೇ ಒಂದೇ ಸಲ ಅಳೆಯಬೇಕು.

ಒಳಗೆ ನಡೆಯುವುದು ಇಷ್ಟು. ಬ್ರೌಸರ್ ನಿಮ್ಮ ಪಠ್ಯವನ್ನು ಶೇಪಿಂಗ್ ಎಂಜಿನ್‌ಗೆ ಕೊಡುತ್ತದೆ. ಕ್ರೋಮ್, ಫೈರ್‌ಫಾಕ್ಸ್, ಆಂಡ್ರಾಯ್ಡ್ ಮೂರರಲ್ಲೂ ಅದರ ಹೆಸರು ಹಾರ್ಫ್‌ಬಝ್. ಅದು ಫಾಂಟ್‌ನ ಕೋಷ್ಟಕ ನೋಡಿ, ಯಾವ ಆಕಾರ ಬಳಸಬೇಕು, ಯಾವುದು ಹಿಂದೆ ಯಾವುದು ಮುಂದೆ ಅಂತ ಗೊತ್ತು ಮಾಡುತ್ತದೆ. ಪ್ರತಿ ಆಕಾರಕ್ಕೂ ‘ಮುಂದೆ ಇಷ್ಟು ಸರಿ’ ಅನ್ನುವ ಒಂದು ಅಳತೆ ಇರುತ್ತದೆ. ಇದು ಪಿಕ್ಸೆಲ್‌ನಲ್ಲಿ ಇರುವುದಿಲ್ಲ, ಫಾಂಟ್‌ನದೇ ಘಟಕದಲ್ಲಿ ಇರುತ್ತದೆ. ಸಾಮಾನ್ಯವಾಗಿ ಒಂದು ಎಮ್‌ಗೆ, ಅಂದರೆ ನೀವು ಕೇಳುವ ಅಕ್ಷರ ಗಾತ್ರಕ್ಕೆ, 1000 ಅಥವಾ 2048 ಘಟಕ. 1000 ಘಟಕದ ಫಾಂಟ್‌ನಲ್ಲಿ ಒಂದು ಆಕಾರದ ಅಳತೆ 750 ಇದ್ದು, ನೀವು 48 ಪಿಕ್ಸೆಲ್ ಗಾತ್ರ ಕೇಳಿದರೆ ಅದು ಹಿಡಿಯುವ ಜಾಗ 36 ಪಿಕ್ಸೆಲ್. ಎಲ್ಲವನ್ನೂ ಕೂಡಿದರೆ ಸಾಲಿನ ಅಗಲ.

ಹೆಜ್ಜೆ 2: ಅಳೆಯಲೇಬೇಕಾ ಅಂತ ಕೇಳಿಕೊಳ್ಳಿ

ಇದನ್ನು ಮೊದಲೇ ಕೇಳಿಕೊಂಡಿದ್ದರೆ ನನಗೆ ಎರಡು ರಾತ್ರಿ ನಿದ್ದೆ ಉಳಿಯುತ್ತಿತ್ತು. ಚುಕ್ಕಿ ಸಾಲಿಗೆ ಅಳತೆಯೇ ಬೇಕಿರಲಿಲ್ಲ. ಪುಟದ ರೂಪ ಹೇಳುವ ಭಾಷೆಯಾದ ಸಿಎಸ್‌ಎಸ್‌ನಲ್ಲಿ ಸಾಲನ್ನು ಫ್ಲೆಕ್ಸ್ ಮಾಡಿ, ಹೆಸರು, ನಡುವಿನ ಖಾಲಿ ತುಂಡು, ರೇಟು ಅಂತ ಮೂರು ಭಾಗ ಇಟ್ಟು, ನಡುವಿನದಕ್ಕೆ ‘ಉಳಿದ ಜಾಗವೆಲ್ಲ ನಿನ್ನದು’ ಅಂತ ಹೇಳಿ, ಅದರ ಕೆಳಗಂಚಿಗೆ ಚುಕ್ಕಿ ಗೆರೆ ಕೊಟ್ಟರೆ ಮುಗಿಯಿತು. ಹೆಸರು ಉದ್ದವಾದರೆ ಚುಕ್ಕಿ ತಾನಾಗೇ ಕಡಿಮೆಯಾಗುತ್ತದೆ. ಉದ್ದದ ಹೆಸರನ್ನು ಕತ್ತರಿಸಿ ಕೊನೆಗೆ ಮೂರು ಚುಕ್ಕಿ ಹಾಕುವುದೂ ಸಿಎಸ್‌ಎಸ್‌ಗೆ ಗೊತ್ತು. ಟೆಕ್ಸ್ಟ್-ಓವರ್‌ಫ್ಲೋಗೆ ಎಲಿಪ್ಸಿಸ್ ಅಂತ ಕೊಟ್ಟು, ಓವರ್‌ಫ್ಲೋ ಮುಚ್ಚಿ, ಸಾಲು ಮುರಿಯದಂತೆ ನೋರ್ಯಾಪ್ ಹಾಕಿದರೆ ಸಾಕು.

ಅಳತೆ ನಿಜವಾಗಿ ಬೇಕಾಗುವುದು ಪಠ್ಯಕ್ಕೆ ತಕ್ಕಂತೆ ಅಕ್ಷರದ ಗಾತ್ರ ಬದಲಿಸುವಾಗ, ಕ್ಯಾನ್ವಾಸ್ (ಕೋಡ್‌ನಿಂದ ಚಿತ್ರ ಬರೆಯಲು ಬ್ರೌಸರ್ ಕೊಡುವ ಹಲಗೆ) ಮೇಲೆ ಚಿತ್ರ ಬರೆಯುವಾಗ, ಗ್ರಾಫಿನ ಕಡ್ಡಿಗಳಿಗೆ ಹೆಸರು ಕೂರಿಸುವಾಗ, ಬಿಲ್ ಪ್ರಿಂಟ್ ಮಾಡುವಾಗ. ನಮ್ಮ ಹೋಟೆಲ್‌ನಲ್ಲಿ ಎರಡು ಉಳಿದಿದ್ದವು: ಇವತ್ತಿನ ವಿಶೇಷದ ಹೆಸರು ಪರದೆಯ ಮೇಲ್ಭಾಗದ ಪೆಟ್ಟಿಗೆ ತುಂಬ ದೊಡ್ಡದಾಗಿ ಬರಬೇಕು, ಮತ್ತು ಟೋಕನ್ ಬಿಲ್.

ಹೆಜ್ಜೆ 3: ಫಾಂಟ್ ನಿಮ್ಮದೇ ಇರಲಿ, ಮತ್ತು ಅದು ಬಂದ ಮೇಲೆ ಅಳೆಯಿರಿ

ಲ್ಯಾಪ್‌ಟಾಪ್‌ನಲ್ಲಿ ಸರಿ, ಟಿವಿಯಲ್ಲಿ ತಪ್ಪು ಅಂದರೆ ಮೊದಲು ಅನುಮಾನ ಪಡಬೇಕಾದ್ದು ಫಾಂಟ್. ಸ್ಟೈಲ್‌ನಲ್ಲಿ ಏರಿಯಲ್ ಅಂತ ಬರೆದಿದ್ದರೂ ಏರಿಯಲ್‌ನಲ್ಲಿ ಕನ್ನಡ ಇಲ್ಲ. ಆಗ ಯಂತ್ರ ತನ್ನ ಹತ್ತಿರ ಇರುವ ಕನ್ನಡ ಫಾಂಟ್ ಎತ್ತಿಕೊಳ್ಳುತ್ತದೆ. ವಿಂಡೋಸ್‌ನಲ್ಲಿ ಅದು ನಿರ್ಮಲಾ ಅಥವಾ ತುಂಗಾ, ಆಂಡ್ರಾಯ್ಡ್‌ನಲ್ಲಿ ನೋಟೋ. ಮೂರರ ಅಗಲವೂ ಬೇರೆ. ಆದ್ದರಿಂದ ಒಂದು ಫಾಂಟ್ ಫೈಲನ್ನು ನಿಮ್ಮ ಆ್ಯಪ್ ಜತೆಗೇ ಕಳಿಸಿ. ನೋಟೋ ಸ್ಯಾನ್ಸ್ ಕನ್ನಡ ಮುಕ್ತ ಪರವಾನಗಿಯಲ್ಲಿದೆ, ಹೋಟೆಲ್ ಕೆಲಸಕ್ಕೂ ಬಳಸಬಹುದು. ರೂಪಾಯಿ ಚಿಹ್ನೆ ಯೂನಿಕೋಡ್‌ಗೆ ಸೇರಿದ್ದು 2010ರಲ್ಲಿ. ಅದಕ್ಕೂ ಹಳೆಯ ಫಾಂಟ್ ಹಿಡಿದರೆ ₹ ಮಾತ್ರ ಬೇರೆ ಫಾಂಟ್‌ನಿಂದ ಬಂದು ಲೆಕ್ಕ ಕೆಡಿಸುತ್ತದೆ.

ಫೈಲ್ ಕಳಿಸಿದರೂ ಸಾಲದು. ಪುಟ ತೆರೆದ ತಕ್ಷಣ ಅಳೆದರೆ ಫಾಂಟ್ ಇನ್ನೂ ಇಳಿದಿರುವುದಿಲ್ಲ, ನೀವು ಅಳೆಯುವುದು ಬದಲಿ ಫಾಂಟನ್ನು. ಅದಕ್ಕೆ ಡಾಕ್ಯುಮೆಂಟ್‌ನ ಫಾಂಟ್ಸ್ ಅನ್ನುವಲ್ಲಿ ಲೋಡ್ ಅಂತ ಒಂದು ಫಂಕ್ಷನ್ ಇದೆ. ಗಾತ್ರ ಮತ್ತು ಫಾಂಟ್ ಹೆಸರು ಕೊಟ್ಟು ಅವೇಟ್ ಮಾಡಬೇಕು, ಅಂದರೆ ಅದು ಮುಗಿಯುವವರೆಗೆ ಕಾಯಬೇಕು. ಇಲ್ಲಿ ಒಂದು ಗುಂಡಿ ಇದೆ, ನಾನೂ ಬಿದ್ದಿದ್ದೇನೆ. ಈ ಫಂಕ್ಷನ್‌ಗೆ ಎರಡನೆಯದಾಗಿ ಒಂದು ಪಠ್ಯವನ್ನೂ ಕೊಡಬಹುದು. ಕೊಡದಿದ್ದರೆ ಅದು ಒಂದೇ ಒಂದು ಖಾಲಿ ಜಾಗ ಅಂತ ಅಂದುಕೊಳ್ಳುತ್ತದೆ. ಗೂಗಲ್ ಫಾಂಟ್ಸ್‌ನಂಥ ಕಡೆಯಿಂದ ತಂದ ಫಾಂಟ್ ಲಿಪಿವಾರು ತುಂಡುಗಳಾಗಿ ಬರುತ್ತದೆ. ಖಾಲಿ ಜಾಗಕ್ಕೆ ಲ್ಯಾಟಿನ್ ತುಂಡು ಸಾಕು, ಕನ್ನಡದ ತುಂಡು ಇಳಿಯುವುದೇ ಇಲ್ಲ! ‘ಲೋಡ್ ಆಯಿತು’ ಅನ್ನುವ ಉತ್ತರ ಬರುತ್ತದೆ, ಅಳತೆ ಮಾತ್ರ ತಪ್ಪು. ಎರಡನೆಯ ಜಾಗದಲ್ಲಿ ಅಳೆಯಬೇಕಾದ ಕನ್ನಡ ಪಠ್ಯವನ್ನೇ ಕೊಟ್ಟುಬಿಡಿ.

ಹೆಜ್ಜೆ 4: ಕ್ಯಾನ್ವಾಸ್‌ನಿಂದ ಅಳೆಯುವುದು

ಒಂದು ಕ್ಯಾನ್ವಾಸ್ ಸೃಷ್ಟಿಸಿ. ಪುಟಕ್ಕೆ ಸೇರಿಸಬೇಕಿಲ್ಲ. ಅದರಿಂದ 2ಡಿ ಕಾಂಟೆಕ್ಸ್ಟ್ ತೆಗೆದುಕೊಳ್ಳಿ. ಅದರ ಫಾಂಟ್ ಗುಣಕ್ಕೆ ಸಿಎಸ್‌ಎಸ್‌ನಲ್ಲಿ ಬರೆಯುವ ಹಾಗೆಯೇ ದಪ್ಪ, ಗಾತ್ರ, ಹೆಸರು ಕೊಡಿ: ಬೋಲ್ಡ್, 48 ಪಿಕ್ಸೆಲ್, ನೋಟೋ ಸ್ಯಾನ್ಸ್ ಕನ್ನಡ. ಆಮೇಲೆ ಮೆಷರ್‌ಟೆಕ್ಸ್ಟ್‌ಗೆ ಪೂರ್ತಿ ಸಾಲು ಕೊಡಿ. ಬರುವ ಉತ್ತರದಲ್ಲಿ ವಿಡ್ತ್ ಅಂತ ಇರುತ್ತದೆ, ಅದೇ ಅಗಲ. ದಶಾಂಶದ ಸಮೇತ ಬರುತ್ತದೆ. ಅದನ್ನು ಪೂರ್ಣಾಂಕ ಮಾಡಲು ಅವಸರ ಬೇಡ. ಮಾಡಲೇಬೇಕು ಅಂದರೆ ಮೇಲಕ್ಕೆ ಮಾಡಿ.

ಫಾಂಟ್ ಗುಣದಲ್ಲಿ ಬರೆದದ್ದು ಸರಿ ಇಲ್ಲದಿದ್ದರೆ ಕ್ಯಾನ್ವಾಸ್ ದೂರು ಹೇಳುವುದಿಲ್ಲ. ಸುಮ್ನೆ ಹಳೆಯದನ್ನೇ ಇಟ್ಟುಕೊಳ್ಳುತ್ತದೆ. ಮೊದಲಿಗೆ ಇರುವುದು 10 ಪಿಕ್ಸೆಲ್‌ನ ಸ್ಯಾನ್ಸ್-ಸೆರಿಫ್. ಅಗಲ ಅನುಮಾನ ಬರುವಷ್ಟು ಚಿಕ್ಕದಾಗಿ ಬಂದರೆ, ಫಾಂಟ್ ಗುಣವನ್ನು ಮತ್ತೆ ಓದಿ ನೋಡಿ. ಹತ್ತು ಪಿಕ್ಸೆಲ್ ಅಂತ ಇದ್ದರೆ ನಿಮ್ಮ ಸಾಲಿನಲ್ಲಿ ಎಲ್ಲೋ ಉದ್ಧರಣ ಚಿಹ್ನೆ ಬಿಟ್ಟುಹೋಗಿದೆ ಅಥವಾ ಗಾತ್ರದ ಪಕ್ಕ ಪಿಕ್ಸೆಲ್ ಅಂತ ಹಾಕಿಲ್ಲ. ಕ್ಯಾನ್ವಾಸ್‌ಗೆ ನಿಮ್ಮ ಪುಟದ ಸಿಎಸ್‌ಎಸ್ ಗೊತ್ತಿಲ್ಲ ಅನ್ನುವುದೂ ನೆನಪಿರಲಿ. ಪುಟದಲ್ಲಿ ಅಕ್ಷರಗಳ ನಡುವೆ ಅಂತರ ಕೊಟ್ಟಿದ್ದರೆ ಇಲ್ಲಿಯೂ ಬೇರೆಯಾಗಿ ಹೇಳಬೇಕು. ಕನ್ನಡಕ್ಕೆ ಆ ಅಂತರ ಕೊಡದಿರುವುದೇ ವಾಸಿ, ನೋಡಲು ಹಲ್ಲುಬಿದ್ದ ಹಾಗೆ ಇರುತ್ತದೆ.

ವಿಡ್ತ್ ಹೇಳುವುದು ಪೆನ್ನು ಎಲ್ಲಿಂದ ಎಲ್ಲಿಗೆ ಸರಿಯಿತು ಅನ್ನುವುದನ್ನು. ಮಸಿ ಎಲ್ಲಿವರೆಗೆ ಹರಡಿತು ಅನ್ನುವುದನ್ನಲ್ಲ. ಕೊನೆಯ ಅಕ್ಷರದ ಒತ್ತು ಅಥವಾ ಬಾಲ ಸ್ವಲ್ಪ ಆಚೆ ಚಾಚಿರಬಹುದು. ಪೆಟ್ಟಿಗೆಯ ಅಂಚಿನಲ್ಲಿ ಒಂದು ಚೂರು ಕತ್ತರಿಸಿದ ಹಾಗೆ ಕಾಣುವುದು ಇದಕ್ಕೇ. ಮಸಿಯ ಅಗಲ ಬೇಕಾದರೆ ಅದೇ ಉತ್ತರದಲ್ಲಿ ಆ್ಯಕ್ಚುಯಲ್ ಬೌಂಡಿಂಗ್ ಬಾಕ್ಸ್‌ನ ಎಡ ಮತ್ತು ಬಲದ ಬೆಲೆಗಳಿವೆ, ಎರಡನ್ನೂ ಕೂಡಿ. ಇನ್ನೊಂದು ಮಾತು: ಕನ್ನಡದಲ್ಲಿ ಅಗಲಕ್ಕಿಂತ ಎತ್ತರ ಜಾಸ್ತಿ ಕಾಟ ಕೊಡುತ್ತದೆ. ‘ಮಂಡಕ್ಕಿ’ಯ ಕ ಒತ್ತು ಕೆಳಗೆ ಕತ್ತರಿಸಿದ್ದರೆ ಡಿಸೆಂಟ್ (ಮಸಿ ಕೆಳಕ್ಕೆ ಎಷ್ಟು ಇಳಿಯುತ್ತದೆ) ಅನ್ನುವ ಬೆಲೆ ನೋಡಿ ಸಾಲಿನ ಎತ್ತರ ಹೆಚ್ಚಿಸಿ.

ಹೆಜ್ಜೆ 5: ಪುಟದಲ್ಲಿ ಇರುವುದನ್ನೇ ಅಳೆಯುವುದು

ಪಠ್ಯ ಈಗಾಗಲೇ ಪುಟದಲ್ಲಿದ್ದರೆ ಅದನ್ನು ಒಂದು ಸ್ಪ್ಯಾನ್ ಒಳಗಿಟ್ಟು ಗೆಟ್‌ಬೌಂಡಿಂಗ್‌ಕ್ಲೈಂಟ್‌ರೆಕ್ಟ್ ಕೇಳಿ. ಅದರ ವಿಡ್ತ್ ದಶಾಂಶದಲ್ಲಿ ಬರುತ್ತದೆ. ಆಫ್‌ಸೆಟ್‌ವಿಡ್ತ್ ಕೂಡ ಇದೆ, ಆದರೆ ಅದು ಪೂರ್ಣಾಂಕ ಮಾಡಿ ಕೊಡುತ್ತದೆ. 212.4 ಇದ್ದದ್ದು 212 ಆಗಿ, ಅಷ್ಟೇ ಅಗಲದ ಪೆಟ್ಟಿಗೆ ಮಾಡಿದಿರಿ ಅಂದರೆ ಕೊನೆಯ ಪದ ಮುಂದಿನ ಸಾಲಿಗೆ ಜಿಗಿಯುತ್ತದೆ.

ಕಾಣದಂತೆ ಅಳೆಯಬೇಕಾದರೆ ಸ್ಪ್ಯಾನ್‌ಗೆ ವಿಸಿಬಿಲಿಟಿ ಹಿಡನ್, ಪೊಸಿಷನ್ ಆ್ಯಬ್ಸಲ್ಯೂಟ್, ವೈಟ್-ಸ್ಪೇಸ್ ನೋರ್ಯಾಪ್ ಕೊಡಿ. ಡಿಸ್‌ಪ್ಲೇ ನನ್ ಕೊಟ್ಟರೆ ಉತ್ತರ ಸೊನ್ನೆ. ನೂರು ಹೆಸರು ಅಳೆಯಬೇಕಾದರೆ ಒಂದು ಬರೆದು ಒಂದು ಅಳೆದು, ಮತ್ತೆ ಒಂದು ಬರೆದು ಮಾಡಬೇಡಿ. ಪ್ರತಿ ಸಲವೂ ಬ್ರೌಸರ್ ಲೇಔಟ್ ಲೆಕ್ಕ ಮತ್ತೆ ಹಾಕುತ್ತದೆ. ನೂರನ್ನೂ ಮೊದಲು ಬರೆಯಿರಿ, ಆಮೇಲೆ ನೂರನ್ನೂ ಅಳೆಯಿರಿ. ಪುಟಕ್ಕೆ ಸ್ಕೇಲ್ ಟ್ರಾನ್ಸ್‌ಫಾರ್ಮ್ ಹಾಕಿದ್ದರೆ ಈ ಅಳತೆ ಹಿಗ್ಗಿದ ಮೇಲಿನದು. ಕ್ಯಾನ್ವಾಸ್‌ನ ಮೆಷರ್‌ಟೆಕ್ಸ್ಟ್‌ಗೆ ಅದರ ಸ್ಕೇಲ್ ತಾಗುವುದಿಲ್ಲ. ಎರಡು ಉತ್ತರ ಹೊಂದದೆ ತಲೆಕೆಟ್ಟಾಗ ಮೊದಲು ಇದನ್ನು ನೋಡಿ.

ಎರಡರಲ್ಲಿ ಯಾವುದು? ಒಂದೇ ಸಾಲಿನ ಬಹಳಷ್ಟು ಪಠ್ಯಕ್ಕೆ ನಾನು ಕ್ಯಾನ್ವಾಸ್ ಬಳಸುತ್ತೇನೆ. ಸಾಲು ಮುರಿಯುವ ಪ್ಯಾರಾ ಆದರೆ ಪುಟದ್ದೇ ನಂಬಿಕೆ.

ಹೆಜ್ಜೆ 6: ಪೆಟ್ಟಿಗೆಗೆ ತಕ್ಕ ಅಕ್ಷರ ಗಾತ್ರ

ಇದಕ್ಕೆ ಒಂದೊಂದೇ ಪಿಕ್ಸೆಲ್ ಇಳಿಸುತ್ತಾ ಲೂಪ್ ಓಡಿಸುವವರನ್ನು ನೋಡಿದ್ದೇನೆ. ಬೇಕಿಲ್ಲ. ಗಾತ್ರ ಎರಡರಷ್ಟಾದರೆ ಅಗಲವೂ ಹೆಚ್ಚುಕಡಿಮೆ ಎರಡರಷ್ಟೇ. 100 ಪಿಕ್ಸೆಲ್ ಗಾತ್ರದಲ್ಲಿ ಒಂದು ಸಲ ಅಳೆಯಿರಿ. ಅಗಲ 750 ಬಂತು, ಪೆಟ್ಟಿಗೆ 600 ಇದೆ ಅಂದುಕೊಳ್ಳಿ. 100 ಗುಣಿಸು 600 ಭಾಗಿಸು 750, ಅಂದರೆ 80 ಪಿಕ್ಸೆಲ್. ಆ ಗಾತ್ರದಲ್ಲಿ ಮತ್ತೊಮ್ಮೆ ಅಳೆದು ಖಾತ್ರಿ ಮಾಡಿಕೊಳ್ಳಿ. ಕೂದಲೆಳೆಯಷ್ಟು ಹೆಚ್ಚಿದ್ದರೆ ಒಂದು ಪಿಕ್ಸೆಲ್ ಇಳಿಸಿ. ಮೇಲಿನ ಮಿತಿ, ಕೆಳಗಿನ ಮಿತಿ ಎರಡೂ ಇರಲಿ. ಇಲ್ಲದಿದ್ದರೆ ‘ಪಡ್ಡು’ ಅನ್ನುವ ಎರಡಕ್ಷರ ಇಡೀ ಟಿವಿ ತುಂಬಿಕೊಂಡು ನಿಲ್ಲುತ್ತದೆ.

ಹೆಜ್ಜೆ 7: ಕತ್ತರಿಸಬೇಕಾದರೆ ಎಲ್ಲಿ ಕತ್ತರಿಸುವುದು

ಕೆಳಗಿನ ಮಿತಿಗೆ ಬಂದರೂ ಹಿಡಿಯದಿದ್ದರೆ ಕತ್ತರಿಸಲೇಬೇಕು. ಇಲ್ಲಿ ಕನ್ನಡಕ್ಕೆ ಒಂದು ವಿಶೇಷ ತೊಂದರೆ ಇದೆ. ಲೆಂಗ್ತ್ ಎಣಿಸಿ ಕತ್ತರಿಸುವ ಸ್ಲೈಸ್ ಬಳಸಿದರೆ ‘ಮಿರ್ಚಿ’ ಹೋಗಿ ‘ಮಿರ್’ ಅಂತಲೋ ‘ಮಿರ್ಚ’ ಅಂತಲೋ ನಿಲ್ಲಬಹುದು. ಪಠ್ಯವನ್ನು ಅಕ್ಷರಗಳಾಗಿ ಬಿಡಿಸುವ ಜಾವಾಸ್ಕ್ರಿಪ್ಟ್‌ನ ಇಂಟಲ್ ಸೆಗ್ಮೆಂಟರ್ ಇದಕ್ಕೇ ಇರುವುದು ಅಂದುಕೊಂಡು ಬಳಸಿದೆ. ಅದು ಮಿ, ರ್, ಚಿ ಅಂತ ಮೂರು ತುಂಡು ಕೊಟ್ಟಿತು. ನಮ್ಮ ಕಣ್ಣಿಗೆ ಅದು ಮಿ, ರ್ಚಿ ಅಂತ ಎರಡೇ.

ಇದಕ್ಕೆ ಕಾರಣ ಯೂನಿಕೋಡ್ ನಿಯಮದಲ್ಲೇ ಇದೆ. 2023ರಲ್ಲಿ ಬಂದ 15.1 ಆವೃತ್ತಿಯಲ್ಲಿ ಒತ್ತಕ್ಷರ ಒಡೆಯದಂತೆ ಹೊಸ ನಿಯಮ ಸೇರಿಸಿದರು. ದೇವನಾಗರಿ, ಬಂಗಾಳಿ, ಗುಜರಾತಿ, ಒಡಿಯಾ, ತೆಲುಗು, ಮಲಯಾಳಂ ಲಿಪಿಗಳಿಗೆ ಅದು ಸಿಕ್ಕಿತು. ಆ ಪಟ್ಟಿಯಲ್ಲಿ ಕನ್ನಡ ಇರಲಿಲ್ಲ. ಪಕ್ಕದ ತೆಲುಗಿಗೆ ಇದ್ದು ನಮಗಿಲ್ಲ ಅಂದರೆ ಬೇಜಾರೇ. ಆದರೆ ಸರಿಪಡಿಸುವುದು ಕಷ್ಟ ಇಲ್ಲ. ಸೆಗ್ಮೆಂಟರ್ ಕೊಟ್ಟ ತುಂಡುಗಳನ್ನು ಒಂದೊಂದಾಗಿ ನೋಡುತ್ತಾ ಹೋಗಿ. ಒಂದು ತುಂಡು ಹಲಂತದಿಂದ ಮುಗಿದು, ಮುಂದಿನದು ಕನ್ನಡ ವ್ಯಂಜನದಿಂದ ಶುರುವಾದರೆ ಎರಡನ್ನೂ ಅಂಟಿಸಿ. ‘ಸಾಫ್ಟ್‌ವೇರ್’ ಥರದ ಪದದಲ್ಲಿ ಟ್ ಆದ ಮೇಲೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರುತ್ತದೆ, ಮುಂದಿನ ವ ಒತ್ತಾಗದಂತೆ ತಡೆಯುವುದು ಅದೇ. ಅಲ್ಲಿ ತುಂಡು ಆ ಚಿಹ್ನೆಯಿಂದ ಮುಗಿಯುತ್ತದೆ, ಹಲಂತದಿಂದ ಅಲ್ಲ. ಹಾಗಾಗಿ ನಮ್ಮ ನಿಯಮ ಅದನ್ನು ಅಂಟಿಸುವುದಿಲ್ಲ, ಅದೇ ಸರಿ. ‘ಕಾಣದ ಅಕ್ಷರ ತೆಗೆ’ ಅಂತ ಪಠ್ಯ ತೊಳೆಯುವ ಕೋಡ್ ಇದ್ದರೆ ಈ ಚಿಹ್ನೆಯನ್ನು ಮುಟ್ಟದಂತೆ ನೋಡಿಕೊಳ್ಳಿ. ಅದು ಹೋದರೆ ಪದದ ಆಕಾರವೂ ಅಗಲವೂ ಬದಲಾಗುತ್ತದೆ.

ಅಕ್ಷರಗಳ ಪಟ್ಟಿ ಸಿಕ್ಕ ಮೇಲೆ ಅರ್ಧರ್ಧ ಮಾಡಿ ಹುಡುಕಿ. ಅರ್ಧ ಅಕ್ಷರ ತೆಗೆದುಕೊಂಡು, ಕೊನೆಗೆ ಮೂರು ಚುಕ್ಕಿಯನ್ನೂ ಸೇರಿಸಿ, ಆ ಪೂರ್ತಿ ಸಾಲನ್ನು ಅಳೆಯಿರಿ. ಹಿಡಿದರೆ ಹೆಚ್ಚಿಸಿ, ಹಿಡಿಯದಿದ್ದರೆ ಇಳಿಸಿ. 40 ಅಕ್ಷರದ ಸಾಲಿಗೂ ಆರೇಳು ಅಳತೆಗೆ ಮುಗಿಯುತ್ತದೆ.

ಅಳೆದದ್ದನ್ನು ಮತ್ತೆ ಬಳಸಲು ನೆನಪಿಟ್ಟುಕೊಳ್ಳುವುದಾದರೆ ಅದನ್ನು ಹುಡುಕುವ ಕೀಲಿಯಲ್ಲಿ ಫಾಂಟ್, ಗಾತ್ರ, ಪಠ್ಯ ಮೂರೂ ಇರಲಿ. ಪಠ್ಯವನ್ನು ಮೊದಲು ಎನ್‌ಎಫ್‌ಸಿ ಅನ್ನುವ, ಬಿಡಿ ಚಿಹ್ನೆಗಳನ್ನು ಕೂಡಿಸಿದ ಯೂನಿಕೋಡ್ ರೂಪಕ್ಕೆ ತನ್ನಿ. ‘ದೋ’ದಲ್ಲಿ ಓಕಾರ ಒಂದೇ ಸಂಖ್ಯೆಯಾಗಿ ಇರಬಹುದು, ಮೂರು ಬಿಡಿ ಚಿಹ್ನೆಗಳಾಗಿಯೂ ಇರಬಹುದು. ಕಣ್ಣಿಗೆ ಒಂದೇ, ಕೀಲಿಗೆ ಬೇರೆ ಬೇರೆ.

ಟೋಕನ್ ಬಿಲ್: ಪೈಥಾನ್ ಕಡೆ

58 ಮಿಲಿಮೀಟರ್ ಕಾಗದದ ಥರ್ಮಲ್ ಪ್ರಿಂಟರ್ ಸಾಮಾನ್ಯವಾಗಿ ಅಡ್ಡಕ್ಕೆ 384 ಚುಕ್ಕಿ ಹೊಡೆಯುತ್ತದೆ. ಇಂಗ್ಲಿಷ್ ಆದರೆ ಸಾಲಿಗೆ 32 ಅಕ್ಷರ ಅಂತ ಎಣಿಸಿ ಮುಗಿಸಬಹುದು. ಕನ್ನಡವನ್ನು ಚಿತ್ರ ಮಾಡಿ ಕಳಿಸುವುದೇ ಖಾತ್ರಿ ದಾರಿ. ಅದಕ್ಕೆ ನಾನು ಪಿಲ್ಲೋ ಅನ್ನುವ ಪೈಥಾನ್ ಚಿತ್ರ ಲೈಬ್ರರಿ ಬಳಸಿದೆ. ಹಳೆಯ ಪಾಠಗಳಲ್ಲಿ ಟೆಕ್ಸ್ಟ್‌ಸೈಜ್ ಅಂತ ಇರುತ್ತದೆ. 2023ರ 10.0 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಿದ್ದಾರೆ. ಅಗಲಕ್ಕೆ ಗೆಟ್‌ಲೆಂಗ್ತ್, ಮಸಿಯ ಪೆಟ್ಟಿಗೆಗೆ ಗೆಟ್‌ಬಿಬಾಕ್ಸ್ ಬಳಸಿ.

ಆದರೆ ಅದಕ್ಕೂ ಮೊದಲು ಪಿಲ್ಲೋದ ಫೀಚರ್ಸ್‌ನಲ್ಲಿ ಚೆಕ್ ಕರೆದು ‘ರಾಕ್ಮ್’ (raqm) ಇದೆಯಾ ಕೇಳಿ. ಹಾರ್ಫ್‌ಬಝ್ ಬಳಸಿ ಒತ್ತಕ್ಷರ ಕೂರಿಸುವುದು ಅದೇ. ಅದು ಇಲ್ಲದಿದ್ದರೆ ಪಿಲ್ಲೋ ಬೇಸಿಕ್ ವಿಧಾನಕ್ಕೆ ಇಳಿದು, ಬೆಣ್ಣೆಯ ಣ್ಣೆಯನ್ನು ಒಡೆದು ಸಾಲಾಗಿ ನಿಲ್ಲಿಸುತ್ತದೆ. ಅಳತೆಯೂ ತಪ್ಪು, ಬರಹವೂ ತಪ್ಪು. ಎರಡೂ ಒಂದೇ ಥರ ತಪ್ಪಿರುವುದರಿಂದ ಲೆಕ್ಕ ಸರಿ ಇದ್ದ ಹಾಗೇ ಕಾಣುತ್ತದೆ, ಕಾಗದ ಹೊರಗೆ ಬರುವವರೆಗೂ ಗೊತ್ತಾಗುವುದಿಲ್ಲ.

ಲೆಕ್ಕ ಹೀಗೆ. ಮೊದಲು ರೇಟನ್ನು ಅಳೆಯಿರಿ, ಅದು ಯಾವತ್ತೂ ಕತ್ತರಿಸಬಾರದು. ಅದಕ್ಕೆ 70 ಚುಕ್ಕಿ ಹೋಯಿತು, ನಡುವೆ 14 ಬಿಟ್ಟಿರಿ ಅಂದರೆ ಹೆಸರಿಗೆ ಉಳಿದದ್ದು 300. ಹೆಸರು ಅದಕ್ಕಿಂತ ಉದ್ದವಾದರೆ ಒಂದು ಪದ ಮುಗಿದ ಕಡೆ ಮುರಿದು ಉಳಿದದ್ದನ್ನು ಎರಡನೇ ಸಾಲಿಗೆ ತನ್ನಿ. ಬಿಲ್‌ನಲ್ಲಿ ಮೂರು ಚುಕ್ಕಿ ಹಾಕಬೇಡಿ, ಅಡುಗೆಮನೆಯಲ್ಲಿ ಓದುವವರಿಗೆ ‘ಬೆಣ್ಣೆ…’ ಅಂದರೆ ಖಾಲಿ ದೋಸೆಯೋ ಓಪನ್ ದೋಸೆಯೋ ಗೊತ್ತಾಗುವುದಿಲ್ಲ.

ಮೊಬೈಲ್ ಆ್ಯಪ್ ಮಾಡುವವರಿಗೆ ಒಂದೇ ಮಾತು. ಆಂಡ್ರಾಯ್ಡ್‌ನಲ್ಲಿ ಅಕ್ಷರದ ಗಾತ್ರ, ಫಾಂಟ್ ಇಟ್ಟುಕೊಳ್ಳುವ ಪೇಂಟ್‌ನಲ್ಲೂ ಮೆಷರ್‌ಟೆಕ್ಸ್ಟ್ ಇದೆ, ಆದರೆ ಬಳಸುವವರು ಫೋನ್ ಸೆಟ್ಟಿಂಗ್‌ನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡಿರುತ್ತಾರೆ. ಅಳೆಯುವ ಪೇಂಟ್‌ಗೂ ತೋರಿಸುವ ಪಠ್ಯಕ್ಕೂ ಒಂದೇ ಗಾತ್ರ ಹೋಗಲಿ.

ಪರೀಕ್ಷೆಗೆ ಯಾವ ಪದ?

‘ಕನ್ನಡ’ ಅಂತ ಒಂದೇ ಪದ ಹಾಕಿ ನೋಡಿದರೆ ಏನೂ ಸಿಕ್ಕಿಬೀಳುವುದಿಲ್ಲ. ನಾನು ನಮ್ಮ ಸುತ್ತಲಿನ ಊರುಗಳನ್ನೇ ಇಟ್ಟುಕೊಂಡಿದ್ದೇನೆ. ಅರ್ಕಾವೊತ್ತು, ರ ಒತ್ತು ಎರಡಕ್ಕೂ ಚಿತ್ರದುರ್ಗ. ಒತ್ತಿನ ಮೇಲೆ ದೀರ್ಘ ಬರುವುದಕ್ಕೆ ಮೊಳಕಾಲ್ಮೂರು. ಒಕಾರ ಮತ್ತು ಬೇರೆ ಅಕ್ಷರದ ಒತ್ತಿಗೆ ಹೊಳಲ್ಕೆರೆ. ಸಜಾತಿ ಒತ್ತಿಗೆ ಚನ್ನಗಿರಿ, ಚಳ್ಳಕೆರೆ. ಒತ್ತೇ ಇಲ್ಲದ್ದಕ್ಕೆ ಹರಿಹರ. ಜತೆಗೆ ಕಾಣದ ಚಿಹ್ನೆಗೆ ಸಾಫ್ಟ್‌ವೇರ್, ರ‍್ಯಾಂಕ್. ಪ್ರತಿ ಪದದ ಸುತ್ತ, ಅಳತೆ ಹೇಳಿದಷ್ಟೇ ಅಗಲದ ಒಂದು ಕೆಂಪು ಗೆರೆಯ ಪೆಟ್ಟಿಗೆ ಎಳೆಯಿರಿ. ಲ್ಯಾಪ್‌ಟಾಪ್‌ನಲ್ಲಿ ಒಂದು ಸಲ, ನಿಜವಾಗಿ ಓಡುವ ಟಿವಿ ಅಥವಾ ಫೋನ್‌ನಲ್ಲಿ ಒಂದು ಸಲ ನೋಡಿ. ಎರಡು ಕಡೆಯೂ ಅಕ್ಷರ ಗೆರೆಯೊಳಗೇ ಇದ್ದು ಪೆಟ್ಟಿಗೆಗಳು ಒಂದೇ ಅಗಲ ಬಂದರೆ ಮಾಲೀಕರನ್ನು ಕರೆಯಬಹುದು.